ಚೆಂಡು ಕಾಲಿಗೆ ಬರುವ ಮುಂಚಿನ ಕ್ಷಣ: ಮಕ್ಕಳ ಫುಟ್‌ಬಾಲ್ ಕೌಶಲವನ್ನು ಅಳೆಯುವ ಬಗ್ಗೆ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬೆಂಗಳೂರಿನ ಮೈದಾನಗಳಲ್ಲಿ ಮಕ್ಕಳ ಫುಟ್‌ಬಾಲ್ ಟ್ರಯಲ್ಸ್ ಶುರುವಾಗುತ್ತವೆ. ಶಾಲೆಯ ತಂಡಕ್ಕೆ, ಬಡಾವಣೆಯ ಕ್ಲಬ್ಬಿಗೆ, ಅಕಾಡೆಮಿಗೆ ಎಂದು ಬೇರೆ ಬೇರೆ ಹೆಸರಿನಲ್ಲಿ ನಡೆದರೂ ಈ ಆಯ್ಕೆಗಳ ಸ್ವರೂಪ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎದೆಗೆ ನಂಬರ್ ಹಾಕಿಕೊಂಡ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಕೋನ್‌ಗಳ ನಡುವೆ ಚೆಂಡನ್ನು ನಡೆಸಿಕೊಂಡು ಹೋಗಿ ಬರುತ್ತಾರೆ, ಗೋಲಿನತ್ತ ಒಂದೆರಡು ಸಲ ಒದೆಯುತ್ತಾರೆ, ಕೊನೆಗೆ ದೊಡ್ಡ ಮೈದಾನದಲ್ಲಿ ಹನ್ನೊಂದು ಜನರ ಎರಡು ತಂಡಗಳಾಗಿ ಇಪ್ಪತ್ತು ನಿಮಿಷ ಆಡುತ್ತಾರೆ. ಸಂಜೆಯೊಳಗೆ ಆಯ್ಕೆಯಾದವರ ಪಟ್ಟಿ ಪೋಷಕರ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತರಬೇತಿ ಕೊಡುತ್ತ ಬಂದಿರುವ ನನಗೆ ಈ ಪಟ್ಟಿಗಳಲ್ಲಿ ಇರುವ ಹೆಸರುಗಳಿಗಿಂತ ಇಲ್ಲದ ಹೆಸರುಗಳ ಬಗ್ಗೆಯೇ ಹೆಚ್ಚು ಯೋಚನೆಯಾಗುತ್ತದೆ.

ಇಪ್ಪತ್ತು ನಿಮಿಷದ ಆ ಆಟದ ಲೆಕ್ಕವನ್ನೇ ನೋಡೋಣ. ಇಪ್ಪತ್ತೆರಡು ಮಕ್ಕಳಿಗೆ ಇರುವುದು ಒಂದೇ ಚೆಂಡು. ಅದು ಒಂದು ಕ್ಷಣವೂ ಗೆರೆಯಾಚೆ ಹೋಗದೆ ಎಲ್ಲರಿಗೂ ಸಮನಾಗಿ ಹಂಚಿಹೋಯಿತು ಎಂದಿಟ್ಟುಕೊಂಡರೂ ಒಬ್ಬೊಬ್ಬರ ಪಾಲಿಗೆ 55 ಸೆಕೆಂಡು ಸಹ ದಕ್ಕುವುದಿಲ್ಲ. ನಿಜದಲ್ಲಿ ಅದರ ಅರ್ಧವೂ ದಕ್ಕುವುದಿಲ್ಲ. ದಕ್ಕುವುದೆಲ್ಲ ಯಾರು ಮೊದಲು ಓಡಿ ತಲುಪುತ್ತಾರೋ, ಯಾರು ಭುಜದಿಂದ ಒತ್ತಿ ಇತರರನ್ನು ಸರಿಸುತ್ತಾರೋ ಅವರಿಗೆ. ಹೀಗಾಗಿ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಗೆ ಕಾಣುವುದು ಎತ್ತರ, ಓಟದ ವೇಗ ಮತ್ತು ಒದೆತದ ಬಲ. ಇವು ಮೂರೂ ಆಟಕ್ಕೆ ಬೇಕಾದವೇ ಆದರೂ ಹತ್ತು ವರ್ಷದ ಮಗುವಿನಲ್ಲಿ ಅವು ಆ ಮಗು ಎಷ್ಟು ಬೇಗ ಬೆಳೆಯುತ್ತಿದೆ ಎಂಬುದನ್ನು ಹೇಳುವಷ್ಟು, ಚೆಂಡಿನೊಂದಿಗೆ ಅದು ಏನು ಮಾಡಬಲ್ಲದು ಎಂಬುದನ್ನು ಹೇಳುವುದಿಲ್ಲ.

ಕೋನ್‌ಗಳ ಪರೀಕ್ಷೆಯನ್ನು ನಾನು ತಳ್ಳಿಹಾಕುವವನಲ್ಲ. ಎಚ್ಚರದಿಂದ ರೂಪಿಸಿದ ಪರೀಕ್ಷೆಯೊಂದು ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಅಜ್ಮಲ್ ಅಲಿ ಮತ್ತು ಸಂಗಡಿಗರು ಸಿದ್ಧಪಡಿಸಿ 2007ರಲ್ಲಿ ಪ್ರಕಟಿಸಿದ ಪಾಸಿಂಗ್ (ಚೆಂಡನ್ನು ಬೇಕಾದ ಕಡೆಗೆ ಒದ್ದು ಕಳಿಸುವ) ಪರೀಕ್ಷೆ ಒಳ್ಳೆಯ ಉದಾಹರಣೆ. ಅದರಲ್ಲಿ ಆಟಗಾರ ನಡುವಿನ ಚೌಕದಲ್ಲಿ ನಿಲ್ಲುತ್ತಾನೆ. ನಾಲ್ಕು ದಿಕ್ಕಿಗೆ ಅಡ್ಡ ಮಲಗಿಸಿದ ಬೆಂಚುಗಳ ಮೇಲೆ ಬೇರೆ ಬೇರೆ ಬಣ್ಣದ ಗುರಿಗಳಿರುತ್ತವೆ. ಪರೀಕ್ಷಕ ಕೂಗಿದ ಬಣ್ಣಕ್ಕೆ ಚೆಂಡನ್ನು ಕಳಿಸಿ, ಬೆಂಚಿಗೆ ಬಡಿದು ಮರಳಿ ಬಂದದ್ದನ್ನು ಹಿಡಿತಕ್ಕೆ ತೆಗೆದುಕೊಂಡು, ಮುಂದಿನ ಬಣ್ಣದತ್ತ ತಿರುಗಬೇಕು. ಒಟ್ಟು 16 ಪಾಸ್‌ಗಳು, ಅವಕ್ಕೆ ನಿಗದಿಯಾದ ಕಾಲ 43 ಸೆಕೆಂಡು. ಬೆಂಚನ್ನೇ ತಪ್ಪಿಸಿದರೆ 5 ಸೆಕೆಂಡು, ಬೆಂಚಿಗೆ ತಗುಲಿದರೂ ಗುರಿಯ ಜಾಗ ತಪ್ಪಿದರೆ 3 ಸೆಕೆಂಡು, ಚೆಂಡು ಕೋನ್‌ಗೆ ತಗುಲಿದರೆ 2 ಸೆಕೆಂಡು ದಂಡವಾಗಿ ಸೇರುತ್ತದೆ. ಗುರಿಯ ನಟ್ಟನಡುವಿನ ಸಣ್ಣ ಪಟ್ಟಿಗೆ ಸರಿಯಾಗಿ ಹೊಡೆದರೆ ಒಟ್ಟು ಕಾಲದಿಂದ ಒಂದು ಸೆಕೆಂಡನ್ನು ಕಳೆಯಲಾಗುತ್ತದೆ. ವೇಗಕ್ಕಾಗಿ ನಿಖರತೆಯನ್ನು ಬಿಟ್ಟವನಿಗೂ ನಿಖರತೆಗಾಗಿ ತೀರಾ ನಿಧಾನಿಸಿದವನಿಗೂ ಅಲ್ಲಿ ಲಾಭವಿಲ್ಲ. ಮುಂದೆ ಯಾವ ಬಣ್ಣ ಬರುತ್ತದೆಂದು ಗೊತ್ತಿಲ್ಲದಿರುವುದರಿಂದ ತಿರುಗುವಿಕೆಯೂ ಚೆಂಡಿನ ಹಿಡಿತವೂ ಒಟ್ಟಿಗೇ ಪರೀಕ್ಷೆಗೆ ಒಳಪಡುತ್ತವೆ. ಶಾಲೆಯ ಬೆಂಚುಗಳನ್ನೇ ಮಲಗಿಸಿ, ಬಣ್ಣದ ಕಾಗದ ಅಂಟಿಸಿ, ದೂರಗಳನ್ನು ಮಕ್ಕಳ ವಯಸ್ಸಿಗೆ ತಕ್ಕಂತೆ ಇಳಿಸಿಕೊಂಡರೆ ಇದನ್ನು ಯಾರು ಬೇಕಾದರೂ ನಡೆಸಬಹುದು. ಆದರೆ ಹಾಗೆ ಬದಲಿಸಿದ ಮೇಲೆ 43 ಸೆಕೆಂಡಿನ ಅಳತೆಗೋಲು ನಮ್ಮ ಮಕ್ಕಳಿಗೆ ಅನ್ವಯಿಸುವುದಿಲ್ಲ. ಆಗ ಆ ಮಗುವಿನದೇ ಹಿಂದಿನ ಫಲಿತಾಂಶದೊಂದಿಗೆ ಹೋಲಿಸುವುದೊಂದೇ ಸರಿಯಾದ ಬಳಕೆ.

ಇಂಥ ಪರೀಕ್ಷೆಗಳನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆಸಿದ ದೇಶಗಳಲ್ಲಿ ಜರ್ಮನಿ ಒಂದು. 2000ದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಗುಂಪಿನ ಹಂತದಲ್ಲೇ ಹೊರಬಿದ್ದ ನಂತರ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಳೆಯರ ತರಬೇತಿಯನ್ನು ಬುಡದಿಂದ ಬದಲಾಯಿಸಿತು. 2002ರಲ್ಲಿ ಶುರುವಾದ ಪ್ರತಿಭಾ ಕಾರ್ಯಕ್ರಮದಡಿ ದೇಶದಾದ್ಯಂತ 300ಕ್ಕೂ ಹೆಚ್ಚು ತರಬೇತಿ ನೆಲೆಗಳನ್ನು ತೆರೆದು, ಅಲ್ಲಿನ ಮಕ್ಕಳಿಗೆ ಓಟ, ಚುರುಕುತನ, ಡ್ರಿಬ್ಲಿಂಗ್ (ಚೆಂಡನ್ನು ಕಾಲಿನಲ್ಲಿ ನಡೆಸಿಕೊಂಡು ಹೋಗುವುದು), ಚೆಂಡಿನ ನಿಯಂತ್ರಣ, ಗುರಿಗೆ ಒದೆಯುವುದು ಮುಂತಾದವುಗಳಲ್ಲಿ ಕ್ರಮಬದ್ಧ ಪರೀಕ್ಷೆಗಳನ್ನು ನಡೆಸಲಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಒಲಿವರ್ ಹೋನರ್ ಮತ್ತು ಸಹಸಂಶೋಧಕರು ಸಾವಿರಾರು ಮಕ್ಕಳ ಈ ಅಂಕಗಳನ್ನು ಅವರು ದೊಡ್ಡವರಾದ ಮೇಲೆ ತಲುಪಿದ ಮಟ್ಟದೊಂದಿಗೆ ಹೋಲಿಸಿದ್ದಾರೆ. ಒಟ್ಟಾರೆಯಾಗಿ ನೋಡಿದಾಗ ಹನ್ನೆರಡರ ವಯಸ್ಸಿನಲ್ಲಿ ಚೆನ್ನಾಗಿ ಮಾಡಿದ ಗುಂಪಿನಿಂದಲೇ ಹೆಚ್ಚು ಜನ ಮೇಲೆ ಬಂದಿದ್ದಾರೆ, ಡ್ರಿಬ್ಲಿಂಗ್ ಮತ್ತು ನಿಯಂತ್ರಣದ ಅಂಕಗಳಿಗೆ ಅರ್ಥವಿದೆ. ಆದರೆ ಒಂದು ನಿರ್ದಿಷ್ಟ ಮಗುವಿನ ಅಂಕವನ್ನು ಹಿಡಿದು ಅದರ ಭವಿಷ್ಯ ಹೇಳಲು ಆ ಅಂಕಿಗಳು ಸಾಲುವುದಿಲ್ಲ. ಇಷ್ಟು ಶಿಸ್ತಿನಿಂದ, ಇಷ್ಟು ಮಕ್ಕಳ ಮೇಲೆ ನಡೆದ ಅಳತೆಯೇ ಒಬ್ಬ ಮಗುವಿನ ವಿಷಯದಲ್ಲಿ ತೀರ್ಪು ಕೊಡಲಾರದು ಎಂದಾದಾಗ, ಒಂದು ಮಧ್ಯಾಹ್ನದ ಟ್ರಯಲ್ಸ್‌ನಿಂದ ನಾವು ಕೊಡುವ ತೀರ್ಪಿಗೆ ಎಷ್ಟು ಬೆಲೆ ಎಂದು ಕೇಳಿಕೊಳ್ಳಲೇಬೇಕು.

ಪರೀಕ್ಷೆಯ ಮಿತಿ ಇರುವುದು ಕೋನ್ ಅಲುಗುವುದಿಲ್ಲ ಎಂಬುದರಲ್ಲಿ. ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸುವ ಮಗು ಆ ಭಾಷೆಯಲ್ಲಿ ಅಂಗಡಿಯವನೊಂದಿಗೆ ವ್ಯವಹರಿಸಬಲ್ಲದು ಎಂದು ಹೇಳಲಾಗದ ಹಾಗೆ, ನಿಂತ ಕೋನ್‌ಗಳ ನಡುವೆ ಮಿಂಚುವ ಮಗು ಎದುರಾಳಿ ಮೈಮೇಲೆ ಬಂದಾಗಲೂ ಹಾಗೆಯೇ ಆಡುತ್ತದೆ ಎಂದು ಹೇಳಲಾಗದು. ಆಟದಲ್ಲಿ ಚೆಂಡು ಯಾವಾಗ, ಯಾವ ಎತ್ತರದಲ್ಲಿ, ಯಾವ ವೇಗದಲ್ಲಿ ಬರುತ್ತದೆ ಎಂಬುದು ಮಗುವಿನ ಕೈಯಲ್ಲಿಲ್ಲ. ಅದರ ಕೈಯಲ್ಲಿರುವುದು ಚೆಂಡು ಬರುವ ಮುಂಚಿನ ಒಂದು ಕ್ಷಣ ಮತ್ತು ಬಂದ ಮೇಲಿನ ಮೊದಲ ಸ್ಪರ್ಶ. ಹನ್ನೆರಡರೊಳಗಿನ ಆಟಗಾರನ ಕೌಶಲವನ್ನು ತಿಳಿಯಬೇಕಾದರೆ ನಮ್ಮ ಗಮನದ ಬಹುಪಾಲು ಈ ಎರಡು ಕ್ಷಣಗಳ ಮೇಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಸ್ಪರ್ಶವನ್ನು ಹತ್ತಿರದಿಂದ ನೋಡಿ. ಬಲಕ್ಕೆ ಹತ್ತು ಮೀಟರ್ ದೂರದಿಂದ ಒಂದು ಪಾಸ್ ಬರುತ್ತಿದೆ, ಹಿಂದೆ ಎಡಭಾಗದಲ್ಲಿ ಒಬ್ಬ ಎದುರಾಳಿ ಇದ್ದಾನೆ. ಒಂದು ಮಗು ಚೆಂಡಿನ ಕಡೆಗೆ ಪೂರ್ತಿ ಮುಖ ಮಾಡಿ ನಿಂತು, ಹತ್ತಿರದ ಕಾಲಿನಿಂದಲೇ ಅದನ್ನು ತಡೆಯುತ್ತದೆ. ಚೆಂಡು ಪಾದದಡಿಯಲ್ಲಿ ಸತ್ತು ನಿಲ್ಲುತ್ತದೆ. ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಈಗ ಆ ಮಗು ತಲೆಯೆತ್ತಿ ನೋಡಬೇಕು, ತಿರುಗಬೇಕು, ಚೆಂಡನ್ನು ಮತ್ತೆ ಚಲಿಸುವಂತೆ ಮಾಡಬೇಕು, ಅಷ್ಟರಲ್ಲಿ ಎದುರಾಳಿ ಬಂದಾಗಿರುತ್ತದೆ. ಇನ್ನೊಂದು ಮಗು ಚೆಂಡು ಹೊರಟಾಗಲೇ ಮೈಯನ್ನು ಅರ್ಧ ತಿರುಗಿಸಿ, ಒಂದು ಭುಜ ಪಾಸ್ ಕೊಟ್ಟವನ ಕಡೆಗೂ ಇನ್ನೊಂದು ತಾನು ಹೋಗಬೇಕಾದ ಕಡೆಗೂ ಇರುವಂತೆ ನಿಂತು, ಚೆಂಡು ಮೈಮುಂದೆ ಹಾದುಹೋಗಲು ಬಿಟ್ಟು, ದೂರದ ಕಾಲಿನ ಒಳಮಗ್ಗುಲಿನಿಂದ ಅದನ್ನು ಖಾಲಿ ಜಾಗದತ್ತ ಒಂದೂವರೆ ಹೆಜ್ಜೆಯಷ್ಟು ಜಾರಿಸುತ್ತದೆ. ಸ್ಪರ್ಶದ ಕ್ಷಣದಲ್ಲಿ ಕಣಕಾಲು ಬಿಗಿಯಾಗಿರದೆ ಸ್ವಲ್ಪ ಹಿಂದೆ ಸರಿಯುತ್ತದೆ, ಆದ್ದರಿಂದ ಚೆಂಡು ಪುಟಿಯುವುದಿಲ್ಲ. ಎದುರಾಳಿ ತಲುಪುವ ಹೊತ್ತಿಗೆ ಆ ಮಗು ಅಲ್ಲಿಲ್ಲ. ಸ್ಟಾಪ್‌ವಾಚ್ ಈ ಎರಡರ ನಡುವಿನ ವ್ಯತ್ಯಾಸವನ್ನು ಹೇಳುವುದಿಲ್ಲ. ಚೆಂಡನ್ನು ನಿಲ್ಲಿಸಿದ್ದಕ್ಕೆ ಅಂಕ ಕೊಡುವ ಪಟ್ಟಿಯಲ್ಲಂತೂ ಮೊದಲನೆಯ ಮಗುವಿಗೇ ಹೆಚ್ಚು ಅಂಕ ಬರುತ್ತದೆ.

ಇಲ್ಲಿ ನೆಲದ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ನಮ್ಮ ಬಹುತೇಕ ಮಕ್ಕಳು ಆಡುವುದು ಗಟ್ಟಿಯಾದ ಮಣ್ಣಿನ ಮೈದಾನಗಳಲ್ಲಿ, ಅಲ್ಲಲ್ಲಿ ಜಲ್ಲಿ ಎದ್ದಿರುವ ನೆಲದಲ್ಲಿ. ಬಾಡಿಗೆಯ ಕೃತಕ ಹುಲ್ಲಿನ ಅಂಗಣದಲ್ಲಿ ವಾರವಿಡೀ ಅಭ್ಯಾಸ ಮಾಡುವ ಮಗುವಿಗೆ ಚೆಂಡು ನೇರವಾಗಿ, ಒಂದೇ ವೇಗದಲ್ಲಿ ಬರುವುದು ಅಭ್ಯಾಸವಾಗಿರುತ್ತದೆ. ಮಣ್ಣಿನ ಮೈದಾನದ ಮಗು ಕೊನೆಯ ಅಡಿಯಲ್ಲಿ ಚೆಂಡು ಎಗರಬಹುದು ಎಂದು ಅರಿತು, ಅಂಗಾಲಿನಿಂದ ಒತ್ತಿ ಹಿಡಿಯುವುದನ್ನು ರೂಢಿಸಿಕೊಂಡಿರುತ್ತದೆ. ಎರಡೂ ಮಕ್ಕಳನ್ನು ಕೃತಕ ಹುಲ್ಲಿನ ಮೇಲೆ ಒಂದೇ ದಿನ ನಿಲ್ಲಿಸಿ ನೋಡಿದರೆ ಎರಡನೆಯ ಮಗು ಒರಟಾಗಿ ಕಾಣುವುದು ಸಹಜ. ಚೆಂಡಿನ ಅಳತೆಯದೂ ಇದೇ ಕತೆ. ವಯಸ್ಕರು ಬಳಸುವ 5ನೇ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟರಿಂದ ಹನ್ನೆರಡರ ಮಕ್ಕಳಿಗೆ ತಕ್ಕದ್ದು ಅದಕ್ಕಿಂತ ಚಿಕ್ಕದಾದ, ಹಗುರವಾದ 4ನೇ ಅಳತೆಯದು. ದೊಡ್ಡ ಚೆಂಡನ್ನು ಕೊಟ್ಟು ಸಣ್ಣ ಮೈಕಟ್ಟಿನ ಮಗುವಿಗೆ ಉದ್ದದ ಪಾಸ್ ಬರುವುದಿಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ.

ಚೆಂಡು ಬರುವ ಮುಂಚಿನ ಕ್ಷಣದ ಬಗ್ಗೆ ನಾರ್ವೆಯ ಸಂಶೋಧಕ ಗೇರ್ ಯೊರ್ಡೆಟ್ ಅವರ ಕೆಲಸ ನನಗೆ ಬಹಳ ದಾರಿ ತೋರಿಸಿದೆ. ಇಂಗ್ಲಿಷ್ ಪ್ರೀಮಿಯರ್ ಲೀಗಿನ 118 ಆಟಗಾರರ ವಿಡಿಯೊಗಳನ್ನು ಅಧ್ಯಯನ ಮಾಡಿ 2013ರಲ್ಲಿ ಅವರು ಮಂಡಿಸಿದ ವಿವರಗಳ ಪ್ರಕಾರ, ಚೆಂಡು ಸಿಗುವ ಮುಂಚೆ ಹೆಚ್ಚು ಸಲ ತಲೆ ತಿರುಗಿಸಿ ಸುತ್ತಲೂ ನೋಡುವವರ ಪಾಸ್‌ಗಳು ಹೆಚ್ಚು ಸಲ ಸರಿಯಾದ ಕಡೆಗೆ ತಲುಪುತ್ತಿದ್ದವು. ಇದನ್ನು ಮಕ್ಕಳಲ್ಲಿ ಗಮನಿಸಲು ದುಬಾರಿ ಸಲಕರಣೆ ಬೇಕಿಲ್ಲ. ಮೊಬೈಲ್ ಕ್ಯಾಮೆರಾವನ್ನು ಚೆಂಡಿನ ಹಿಂದೆ ಓಡಿಸದೆ ಒಂದೇ ಮಗುವಿನ ಮೇಲೆ ಐದು ನಿಮಿಷ ಇಟ್ಟು, ಆಮೇಲೆ ನಿಧಾನವಾಗಿ ಓಡಿಸಿ ನೋಡಿದರೆ ಸಾಕು. ಪಾಸ್ ಹೊರಡುವ ಮುಂಚೆ ಆ ಮಗುವಿನ ಗಲ್ಲ ಭುಜದ ಕಡೆಗೆ ತಿರುಗಿತೇ, ಇಲ್ಲವೇ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಬಹಳಷ್ಟು ಮಕ್ಕಳು ಚೆಂಡನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ, ಏಕೆಂದರೆ ನಾವು ದೊಡ್ಡವರೇ ಬದಿಯಲ್ಲಿ ನಿಂತು "ಚೆಂಡು ನೋಡೋ, ಚೆಂಡು ನೋಡೋ" ಎಂದು ಕಿರುಚುತ್ತಿರುತ್ತೇವೆ.

ರೂಢಿಯಿಲ್ಲದ ಇನ್ನೊಂದು ಕಾಲಿನ ಬಳಕೆಯನ್ನು ಪ್ರತ್ಯೇಕ ಪರೀಕ್ಷೆಯಾಗಿ ನಡೆಸುವ ಅಗತ್ಯ ನನಗೆ ಕಂಡಿಲ್ಲ. ಎಡಗಾಲಿನಿಂದ ಒದೆಯಲು ಹೇಳಿದರೆ ಯಾವ ಮಗುವಾದರೂ ಒದೆಯುತ್ತದೆ. ಎಡಗಾಲಿಗೆ ಬಂದ ಚೆಂಡನ್ನು ಬಲಗಾಲಿಗೆ ಎಳೆದುಕೊಳ್ಳಲು ಆಟದ ನಡುವೆ ಎಷ್ಟು ಸಲ ಸಮಯ ಕಳೆಯಿತು ಎಂಬುದೇ ನಿಜವಾದ ಉತ್ತರ.

ಹಾಗಾದರೆ ಇದನ್ನೆಲ್ಲ ಎಲ್ಲಿ ನೋಡುವುದು? ನಾಲ್ಕು ಜನರ ಎದುರು ನಾಲ್ಕು ಜನ ಆಡುವ ಸಣ್ಣ ಆಟದಲ್ಲಿ. ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ, ಎರಡು ಪುಟ್ಟ ಗೋಲುಗಳು, ಗೋಲ್‌ಕೀಪರ್ ಇಲ್ಲ, ಚೆಂಡು ಹೊರಹೋದ ಕೂಡಲೇ ಇನ್ನೊಂದನ್ನು ಒಳಗೆ ಉರುಳಿಸಲು ಒಬ್ಬರು. ಏಳೆಂಟು ನಿಮಿಷಕ್ಕೊಮ್ಮೆ ತಂಡಗಳನ್ನು ಕಲಸಿ ಮತ್ತೆ ಮಾಡಬೇಕು, ಏಕೆಂದರೆ ಒಳ್ಳೆಯ ಜೊತೆಗಾರರಿದ್ದಾಗ ಎಲ್ಲರೂ ಚೆನ್ನಾಗಿ ಕಾಣುತ್ತಾರೆ. ಯಾರೊಂದಿಗೆ ಆಡಿದರೂ ಆ ತಂಡದ ಆಟ ಸುಧಾರಿಸುವಂತೆ ಮಾಡುವ ಮಗು ಯಾವುದು ಎಂಬುದು ಹೀಗೆ ಕಲಸಿದಾಗ ಮಾತ್ರ ತಿಳಿಯುತ್ತದೆ. ಇಂಥ ಆಟವನ್ನು ನೋಡುತ್ತಲೇ ಗುರುತು ಹಾಕುವ ಕ್ರಮವೊಂದನ್ನು ಅಮೆರಿಕದ ದೈಹಿಕ ಶಿಕ್ಷಣ ತಜ್ಞರಾದ ಜೂಡಿತ್ ಆಸ್ಲಿನ್, ಸ್ಟೀಫನ್ ಮಿಚೆಲ್ ಮತ್ತು ಲಿಂಡಾ ಗ್ರಿಫಿನ್ 1998ರಲ್ಲಿ ಪ್ರಕಟಿಸಿದರು. ಅದರ ತಿರುಳು ಸರಳವಾಗಿದೆ: ಮಗು ಆರಿಸಿಕೊಂಡದ್ದು ಸರಿಯಾಗಿತ್ತೇ, ಆರಿಸಿಕೊಂಡದ್ದನ್ನು ಕಾಲು ಸರಿಯಾಗಿ ನಡೆಸಿಕೊಟ್ಟಿತೇ, ಚೆಂಡು ತನ್ನಲ್ಲಿಲ್ಲದಾಗ ಅದು ಜೊತೆಗಾರನಿಗೆ ನೆರವಾಗುವ ಜಾಗಕ್ಕೆ ಹೋಯಿತೇ ಎಂಬವುಗಳನ್ನು ಬೇರೆ ಬೇರೆ ಕಾಲಂಗಳಲ್ಲಿ ಗುರುತಿಸುವುದು. ಈ ವಿಂಗಡಣೆ ತರಬೇತುದಾರನಿಗೆ ತುಂಬ ಉಪಯುಕ್ತ. ಸರಿಯಾದ ಜೊತೆಗಾರನನ್ನು ಕಂಡೂ ಪಾಸ್ ಎಡವಿದ ಮಗುವಿಗೆ ಕಾಲಿನ ಅಭ್ಯಾಸ ಬೇಕು. ಪಾಸ್ ಚೊಕ್ಕವಾಗಿದ್ದೂ ತಪ್ಪು ಕಡೆಗೆ ಹೋದ ಮಗುವಿಗೆ ನೋಡುವ ಅಭ್ಯಾಸ ಬೇಕು. ಎರಡನ್ನೂ "ಪಾಸಿಂಗ್: 10ಕ್ಕೆ 5" ಎಂದು ಬರೆದರೆ ಮರುದಿನ ಏನನ್ನು ಕಲಿಸಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಗುರುತು ಹಾಕುವವರು ಇಬ್ಬರಿರಬೇಕು, ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಬಾರದು. ಆಟ ಮುಗಿದ ಮೇಲೆ ಇಬ್ಬರ ಗುರುತುಗಳು ದೂರ ಬಿದ್ದ ಕಡೆ ಕೂತು ಮಾತಾಡಿದರೆ, ಹೆಚ್ಚಿನ ಸಲ ಭಿನ್ನಾಭಿಪ್ರಾಯ ಬರುವುದು ಮಗುವಿನ ವಿಷಯದಲ್ಲಲ್ಲ, "ಒಳ್ಳೆಯ ಸ್ಪರ್ಶ" ಎಂದರೆ ಏನು ಎಂಬ ವಿಷಯದಲ್ಲಿ. ಆ ಮಾತುಕತೆಯಿಂದ ತರಬೇತುದಾರರಿಗೆ ಆಗುವ ಲಾಭ ಸಣ್ಣದಲ್ಲ.

ಈಗ ದೇಹದ ಬೆಳವಣಿಗೆಯ ಪ್ರಶ್ನೆ. ವಯೋಮಿತಿಯ ಗಡಿ ಜನವರಿ 1 ಆಗಿರುವ ಕಡೆಯೆಲ್ಲ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದು ಅನೇಕ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಜನವರಿಯಲ್ಲಿ ಹುಟ್ಟಿದ ಮಗುವಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದ ಮಗುವಿಗೂ ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಬದುಕಿನ ಹತ್ತನೇ ಒಂದು ಭಾಗದಷ್ಟು ಅಂತರ. ಇದರ ಮೇಲೆ ಹುಡುಗರಲ್ಲಿ ಸುಮಾರು ಹದಿನಾಲ್ಕರಲ್ಲಿ, ಹುಡುಗಿಯರಲ್ಲಿ ಸುಮಾರು ಹನ್ನೆರಡರಲ್ಲಿ ಎತ್ತರ ಅತಿವೇಗವಾಗಿ ಏರುತ್ತದೆ, ಕೆಲವರಲ್ಲಿ ಅದಕ್ಕಿಂತ ಎರಡು ವರ್ಷ ಮುಂಚೆ, ಕೆಲವರಲ್ಲಿ ಎರಡು ವರ್ಷ ತಡವಾಗಿ. ಕಾಲುಗಳು ಉದ್ದವಾಗುವ ಆ ತಿಂಗಳುಗಳಲ್ಲಿ ಚೆಂಡಿನ ಹಿಡಿತ ತಾತ್ಕಾಲಿಕವಾಗಿ ಕೆಡುವುದೂ ಉಂಟು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು 2015ರ ಸುಮಾರಿಗೆ ಮಕ್ಕಳನ್ನು ಹುಟ್ಟಿದ ವರ್ಷದ ಬದಲು, ವಯಸ್ಕರಾದಾಗ ತಲುಪಬಹುದಾದ ಎತ್ತರದ ಶೇಕಡಾ ಎಷ್ಟು ಭಾಗವನ್ನು ಈಗ ತಲುಪಿದ್ದಾರೆ ಎಂಬುದರ ಮೇಲೆ ಗುಂಪು ಮಾಡಿ ಆಡಿಸುವ ಪ್ರಯೋಗ ನಡೆಸಿದವು. ಬೇಗ ಬೆಳೆದವರಿಗೆ ಬರೀ ಬಲದಿಂದ ಗೆಲ್ಲಲಾಗದ ಸ್ಥಿತಿ, ತಡವಾಗಿ ಬೆಳೆಯುವವರಿಗೆ ತಮ್ಮ ಕೌಶಲವನ್ನು ತೋರಿಸುವ ಅವಕಾಶ ಅದರಿಂದ ದೊರೆಯಿತು. ನಮ್ಮಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಕಿರಿಯರ ವಯಸ್ಸಿನ ವಂಚನೆ ತಡೆಯಲು ಮಣಿಕಟ್ಟಿನ ಎಕ್ಸ್‌ರೇ ಆಧರಿಸಿ ಮೂಳೆಗಳ ವಯಸ್ಸನ್ನು ಅಂದಾಜಿಸುವ ಟಿಡಬ್ಲ್ಯು3 ಪರೀಕ್ಷೆಯನ್ನು ಬಳಸುತ್ತದೆ. ಅದು ಬೇಕಾದದ್ದೇ, ಆದರೆ ಪ್ರಾಮಾಣಿಕವಾಗಿ ಹತ್ತು ವರ್ಷದವರೇ ಆದ ಇಬ್ಬರು ಮಕ್ಕಳ ಮೈಬೆಳವಣಿಗೆ ಬೇರೆ ಬೇರೆ ಇರುತ್ತದೆ ಎಂಬ ಸಮಸ್ಯೆಗೆ ಅದು ಉತ್ತರವಲ್ಲ. ಫ್ರಾನ್ಸಿನ ಆಟಗಾರ ಆಂಟ್ವಾನ್ ಗ್ರೀಝ್‌ಮನ್ ಅವರನ್ನು ಅಲ್ಲಿನ ಕ್ಲಬ್ಬುಗಳು ಚಿಕ್ಕ ಮೈಕಟ್ಟಿನ ಕಾರಣಕ್ಕೆ ಬೇಡವೆಂದಾಗ ಸ್ಪೇನಿನ ರಿಯಲ್ ಸೊಸಿಯೆದಾದ್ ಕರೆದುಕೊಂಡಿತು. 2018ರಲ್ಲಿ ಅದೇ ಆಟಗಾರ ಫ್ರಾನ್ಸಿಗಾಗಿ ವಿಶ್ವಕಪ್ ಫೈನಲ್‌ನಲ್ಲಿ ಗೋಲು ಹೊಡೆದರು. ಅವರಿಗೆ ಬಾಗಿಲು ತೆರೆದ ಇನ್ನೊಂದು ದೇಶವಿತ್ತು. ನಮ್ಮ ಮಕ್ಕಳಿಗೆ ಮುಂದಿನ ಬಡಾವಣೆಯ ಕ್ಲಬ್ಬೂ ಅನೇಕ ಸಲ ಬಸ್ ಚಾರ್ಜಿನ ಆಚೆ ಇರುತ್ತದೆ.

ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್‌ಗಳಲ್ಲಿ ಹಿಂದಿನವರು ಆಡಿದ್ದು ಇಕ್ಕಟ್ಟಾದ ಜಾಗಗಳಲ್ಲಿ, ವಯಸ್ಸಿನ ಗುಂಪುಗಳಿಲ್ಲದೆ, ಅಣ್ಣಂದಿರ ಕಾಲುಗಳ ನಡುವೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿದ ಭಾರತ ತಂಡ ಫ್ರಾನ್ಸಿಗೆ 2-1ರಿಂದ ಸೋತಾಗ ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ರಾಜ್ಯಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ಹೆಸರಿನಲ್ಲಿ ನಾಲ್ಕು ಸಲ ಗೆದ್ದ ನಮ್ಮ ರಾಜ್ಯ 1968-69ರ ನಂತರ ಅದನ್ನು ಮತ್ತೆ ಎತ್ತಿದ್ದು 2023ರಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಈ ದೀರ್ಘ ಬರಗಾಲಕ್ಕೆ ಕಾರಣಗಳು ಹಲವು. ಬಯಲುಗಳು ಕಟ್ಟಡಗಳಾದದ್ದೂ ಅವುಗಳಲ್ಲಿ ಒಂದೆಂದು ನಾನು ನಂಬುತ್ತೇನೆ. ಬೀದಿಯ ಆಟ ಮಗುವಿಗೆ ದಿನಕ್ಕೆ ನೂರಾರು ಸ್ಪರ್ಶಗಳನ್ನು ಕೊಡುತ್ತಿತ್ತು, ದೊಡ್ಡವರ ಎದುರು ತಲೆ ಬಳಸದೆ ಉಳಿಗಾಲವಿಲ್ಲ ಎಂಬುದನ್ನೂ ಕಲಿಸುತ್ತಿತ್ತು. ಈಗ ವಾರಕ್ಕೆ ಎರಡೋ ಮೂರೋ ಗಂಟೆ ಅಂಗಣದಲ್ಲಿ ಕಳೆಯುವ ಮಗುವಿಗೆ ಆ ಕಲಿಕೆಯನ್ನು ನಾವು ಯೋಚಿಸಿ ಕೊಡಬೇಕಾಗಿದೆ. ಅದಕ್ಕಾಗಿಯೇ ಎಲ್ಲಿ ಕೊರತೆಯಿದೆ ಎಂದು ನಿಖರವಾಗಿ ಅಳೆಯಬೇಕಾಗಿದೆ.

ನಮ್ಮ ಮೈದಾನಕ್ಕೆ ಬರುವ ಹತ್ತು ವರ್ಷದ ಹುಡುಗಿಯೊಬ್ಬಳು ಕೋನ್ ಪರೀಕ್ಷೆಯಲ್ಲಿ ಯಾವಾಗಲೂ ಕೆಳಗಿನ ಸಾಲಿನಲ್ಲಿರುತ್ತಾಳೆ, ಓಟದಲ್ಲೂ ಹಾಗೆಯೇ. ನಾಲ್ಕು ಜನರ ಆಟದ ಹಾಳೆಯಲ್ಲಿ ಮಾತ್ರ ಅವಳ ಗುರುತುಗಳು ಬೇರೆಯೇ ಮಾತು ಹೇಳುತ್ತವೆ: ಚೆಂಡು ಬರುವ ಮುಂಚೆ ಎರಡು ಸಲ ತಿರುಗಿ ನೋಡುತ್ತಾಳೆ, ಆರಿಸುವ ಪಾಸ್ ಹೆಚ್ಚಿನ ಸಲ ಸರಿ, ಆದರೆ ಬಲವಿಲ್ಲದೆ ಅದು ದಾರಿಯಲ್ಲೇ ಎದುರಾಳಿಯ ಪಾಲಾಗುತ್ತದೆ. ಅವಳಿಗೆ ಆ ಹಾಳೆ ತೋರಿಸಿ, "ನೀನು ನೋಡಿದ್ದೆಲ್ಲ ಸರಿಯಾಗಿದೆ. ಚೆಂಡಿನ ಪಕ್ಕಕ್ಕೆ ಊರುವ ಕಾಲು ಹಿಂದೆ ಉಳಿಯುತ್ತಿದೆ, ಅದಕ್ಕೇ ಪಾಸಿಗೆ ಬಲ ಬರುತ್ತಿಲ್ಲ," ಎಂದು ಹೇಳಿದಾಗ ಅವಳು ಕೇಳಿದ್ದು, "ಸರ್, ಹಾಗಾದರೆ ನಾನು ನಿಧಾನ ಅಂತ ಅಲ್ವಾ?" ಎಂದು. ಅವಳು ನಿಧಾನ ಹೌದು. ಆದರೆ ಆ ಪಾಸ್ ಕೆಟ್ಟದ್ದು ಅದರಿಂದಲ್ಲ ಎಂದು ವಿವರಿಸಿ, ಊರುಗಾಲನ್ನು ಚೆಂಡಿನ ನೇರಕ್ಕೆ ತಂದು, ಕಣಕಾಲನ್ನು ಬಿಗಿಹಿಡಿದು ಗೋಡೆಗೆ ಒದೆಯುವ ಅಭ್ಯಾಸವನ್ನು ಕೊಟ್ಟೆ. ಅವಳ ತಾಯಿಗೂ ಅದನ್ನೇ ಹೇಳಿದೆ. ಬೇರೆ ಮಕ್ಕಳ ಅಂಕಗಳನ್ನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಆದ್ದರಿಂದ ನಮ್ಮ ಹಾಳೆಯಲ್ಲಿ ಒಟ್ಟು ಅಂಕದ ಕಾಲಂ ಇಟ್ಟಿಲ್ಲ. ಮೇಲ್ಗಡೆ ದಿನಾಂಕ, ನೆಲದ ಬಗೆ, ಚೆಂಡಿನ ಅಳತೆ, ಮಗುವಿನ ಹುಟ್ಟಿದ ತಿಂಗಳು ಮತ್ತು ಈಗಿನ ಎತ್ತರ; ಕೆಳಗೆ ನೋಟ, ಮೊದಲ ಸ್ಪರ್ಶ, ಆಯ್ಕೆ, ನಿರ್ವಹಣೆ, ಚೆಂಡಿಲ್ಲದಾಗಿನ ಚಲನೆ ಎಂಬ ಐದು ಸಾಲುಗಳು; ಅದರ ಕೆಳಗೆ ಮುಂದಿನ ಆರು ವಾರಗಳಲ್ಲಿ ಕಲಿಸಬೇಕಾದ ಒಂದೇ ಒಂದು ವಿಷಯ. ಆರು ವಾರಗಳ ನಂತರ ಅದೇ ನೆಲದಲ್ಲಿ, ಅದೇ ಅಳತೆಯ ಚೆಂಡಿನಲ್ಲಿ ಮತ್ತೆ ಆಡಿಸಿ, ಹೊಸ ಹಾಳೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡುತ್ತೇವೆ. ಎತ್ತರ ಈ ನಡುವೆ ಬೇಗ ಏರಿದ್ದರೆ ಕೆಟ್ಟ ಗುರುತುಗಳನ್ನು ಸದ್ಯಕ್ಕೆ ಬದಿಗಿಟ್ಟು, ಇನ್ನೂ ಎರಡು ಸುತ್ತು ಕಾಯುತ್ತೇವೆ.